ಬಿಳಿ ಚಾದರದ ಮುಂದೆ ಅಜ್ಜಿ

ಭಾನುವಾರ, ಫೆಬ್ರವರಿ ೧೬

ಮುದ್ದು ಮಗಳೇ,

ನೀನೂ ಮಗುವೂ ಅಳಿಯನೂ ಚೆನ್ನಾಗಿದ್ದೀರಿ ಅಂದುಕೊಂಡು ಶುರು ಮಾಡುತ್ತೇನೆ. ಇಲ್ಲಿ ನಾನೂ ನಿನ್ನ ಅಜ್ಜಿಯೂ ಗಟ್ಟಿಯಾಗೇ ಇದ್ದೇವೆ. ಅಜ್ಜಿಗೆ ಮಂಡಿ ಮಾತ್ರ ಮುಷ್ಕರ ಹೂಡಿದೆ, ನಾಲಿಗೆ ಎಂದಿನಂತೆ ಎರಡು ಪಾಳಿ ದುಡಿಯುತ್ತಿದೆ. ನೀನು ಮಗುವಿನ ಫೋಟೋ ಕಳಿಸಿ, ತೊಟ್ಟಿಲ ಮೇಲಿನ ಗೋಡೆಗೆ ಅಜ್ಜಿಯದೊಂದು ಒಳ್ಳೇ ಫೋಟೋ ಬೇಕು ಅಂತ ಕೇಳಿ ಎಷ್ಟೋ ವಾರವಾಯಿತು. ನಾನು ತುಟಿ ಪಿಟಕ್ಕೆನ್ನಲಿಲ್ಲ. ಫೋನಿನಲ್ಲೂ ನೆಗಡಿ, ಯೂನಿಯನ್ ಸಭೆ ಅಂತ ಏನೋ ಹೇಳಿ ಜಾರಿಕೊಂಡೆ. ಹೊಟ್ಟೆಗೆ ಹಾಕಿಕೋ. ಮರೆತು ಸುಮ್ಮನಿರಲಿಲ್ಲ. ನಿನ್ನ ಅಜ್ಜಿಯ ಮುಖ ಹುಡುಕುತ್ತಿದ್ದೆ.

ನಗಬೇಡ. ಮುಖ ಎದುರಿಗೇ ಇದೆ, ದಿನಾ ಬೈಯುತ್ತಲೂ ಇದೆ. ಆದರೆ ಟ್ರಂಕಿನಲ್ಲಿದ್ದ ಫೋಟೋಗಳನ್ನೆಲ್ಲ ಹಾಸಿಗೆ ಮೇಲೆ ಸುರಿದು ನೋಡಿದೆ, ಒಂದರಲ್ಲೂ ಅದು ಇಲ್ಲ. ಎಲ್ಲವೂ ಆಸ್ಪತ್ರೆ ಲಾಂಡ್ರಿಯ ಗುಂಪು ಫೋಟೋಗಳು. ನನಗಿಂತ ಮೊದಲು ಆ ಇಸ್ತ್ರಿ ಉರುಳೆಯ ಮುಂದೆ ಅಜ್ಜಿಯೇ ತಾನೆ ನಿಂತಿದ್ದು. ಮುಂದಿನ ಸಾಲಲ್ಲಿ ಕುರ್ಚಿ ಹಾಕಿಕೊಂಡು ಮೇಲ್ವಿಚಾರಕರು, ಅವರ ಮೀಸೆಯ ಕೂದಲು ಎಣಿಸಬಹುದು. ಹಿಂದೆ ಕೆಲಸದವರು, ಅವರ ಬೆನ್ನಿಗೆ ಬಿಳಿ ಚಾದರ. ಅಜ್ಜಿ ಇದ್ದಲ್ಲಿ ತಲೆವಸ್ತ್ರ ಇದೆ, ಹಲ್ಲು ಇದೆ, ನಡುವೆ ಮುಖ ಇರಬೇಕಾದ ಕಡೆ ಮಸಿ. ಮೊದಲ ಸಲ ಅಂಥ ಫೋಟೋ ಬಂದಾಗ ಅಜ್ಜಿ ಫೋಟೋದವನನ್ನು ಕೇಳಿದ್ದಳಂತೆ, ನನ್ನ ಮುಖ ಎಲ್ಲಿ ಅಂತ. ಅವನು, "ಇದ್ದದ್ದು ಬಂದಿದೆ ತಾಯಿ," ಅಂದನಂತೆ. ಕುರ್ಚಿಯವರೆಲ್ಲ ನಕ್ಕರಂತೆ. ಅವತ್ತಿನಿಂದ ಯಾರು ಕ್ಯಾಮೆರಾ ಎತ್ತಿದರೂ ಅಜ್ಜಿ ತಲೆ ಬಗ್ಗಿಸುತ್ತಾಳೆ. ನಿನ್ನ ಮದುವೆಯ ಫೋಟೋಗಳಲ್ಲೂ ಅವಳದು ಬರೀ ನೆತ್ತಿ.

ಸರಿ, ನನ್ನ ಫೋನಿನಲ್ಲೇ ತೆಗೆಯೋಣ ಅಂತ, ಅವಳು ಕಿಟಕಿ ಪಕ್ಕ ತೂಕಡಿಸುತ್ತಿದ್ದಾಗ ತೆಗೆದೆ. ಆ ದರಿದ್ರ ಫೋನು ನನ್ನನ್ನು ಒಂದು ಮಾತೂ ಕೇಳದೆ ಅವಳ ಸುಕ್ಕನ್ನೆಲ್ಲ ಇಸ್ತ್ರಿ ಮಾಡಿ, ಮುಖಕ್ಕೆ ಸುಣ್ಣ ಬಳಿದು ಕೊಟ್ಟಿತು. ಅಜ್ಜಿ ಫೋನನ್ನು ಮೂಗಿನ ಹತ್ತಿರ ಹಿಡಿದು, "ಯಾರೇ ಇವಳು? ಮೇಲ್ವಿಚಾರಕನ ಅಕ್ಕನ ಹಾಗಿದ್ದಾಳೆ," ಅಂದಳು. ಒಂದು ಗುಂಡಿ ಒತ್ತಿ ಆ ಸುಣ್ಣ ನಿಲ್ಲಿಸಿದರೆ ಇನ್ನೊಂದು ತಾನೇ ಶುರುವಾಗುತ್ತದೆ. ಆಗ ನನಗೆ ರೋಷ ಬಂತು ನೋಡು. ನಾನು ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡದ ಯಂತ್ರ ಬೇಕು ಅನಿಸಿತು. ಹಾಗೆ ಹೊರಟದ್ದು ಹಳೇ ರೀಲ್ ಕ್ಯಾಮೆರಾದ ಹಿಂದೆ.

ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಗಡಿಯಾರ ರಿಪೇರಿಯವನ ಪಕ್ಕ, ಅಂಥ ಅಂಗಡಿ ಒಂದಿದೆ. ಈಗ ಕಾಲೇಜು ಮಕ್ಕಳು ಅಲ್ಲಿ ಮುತ್ತಿಕೊಂಡಿರುತ್ತಾರೆ, ಹಳೇದೇ ಹೊಸ ಶೋಕಿಯಂತೆ. ಅಂಗಡಿಯವನಿಗೆ ನಾನಿಟ್ಟ ಹೆಸರು ಗೊಣಗಪ್ಪ. ನನ್ನ ಬೆಂದ ಬೆರಳುಗಳನ್ನು ನೋಡಿ, "ಯಾರಿಗಮ್ಮ, ಮೊಮ್ಮಗನಿಗಾ?" ಅಂದ. "ನನಗೇ," ಅಂದೆ. ಒಂದು ಸಲ ಮೂಗು ಮುರಿದು, ಗಾಜಿನ ಕಪಾಟಿನಿಂದ ಒಂದನ್ನು ಇಳಿಸಿದ. ಎತ್ತಿದರೆ ಹಳೇ ಇಸ್ತ್ರಿಪೆಟ್ಟಿಗೆಯ ಭಾರ. ಕೈಗೆ ಗುರುತಿನ ಭಾರ. ಬೆನ್ನಿನ ಬಾಗಿಲು ತೆಗೆದರೆ ಅಂಚಿನ ಸ್ಪಂಜು ಕರಗಿ ಡಾಂಬರಿನ ಹಾಗೆ ಬೆರಳಿಗೆ ಅಂಟಿತು. ಇದನ್ನು ಬದಲಿಸದಿದ್ದರೆ ಬೆಳಕು ಸೋರುತ್ತದಲ್ಲಾ ಅಂದೆ. ಉಗಿ ಸೋರುವ ಬಾಗಿಲುಗಳ ಜೊತೆ ಬದುಕಿದವಳಿಗೆ ಅಷ್ಟು ತಿಳಿಯದೇ? ಗೊಣಗುತ್ತಲೇ ಹೊಸ ಸ್ಪಂಜು ಅಂಟಿಸಿಕೊಟ್ಟ. ಎಷ್ಟು ಕೊಟ್ಟೆ ಅಂತ ಮಾತ್ರ ಕೇಳಬೇಡ, ನಾನೂ ಹೇಳಲ್ಲ, ಅಜ್ಜಿಗಂತೂ ಹೇಳಿಲ್ಲ.

ಮಗಳೇ, ಇದರ ಒಳಗೊಂದು ವಿಚಿತ್ರವಿದೆ, ಅದನ್ನು ನಿನಗೆ ಹೇಳಲೇಬೇಕು. ಲೆನ್ಸಿನಿಂದ ಬಂದ ಬೆಳಕು ಒಂದು ಪುಟ್ಟ ಕನ್ನಡಿಗೆ ಬಡಿದು ನಮ್ಮ ಕಣ್ಣಿಗೆ ಬರುತ್ತದೆ. ಗುಂಡಿ ಒತ್ತಿದ ತಕ್ಷಣ ಆ ಕನ್ನಡಿ ಮೇಲೆ ಹಾರುತ್ತದೆ, ಬೆಳಕು ಫಿಲ್ಮಿಗೆ ಹೋಗುತ್ತದೆ, ನಮ್ಮ ಕಣ್ಣಿಗೆ ಕತ್ತಲೆ. ಅಂದರೆ ಫೋಟೋ ಆಗುವ ಗಳಿಗೆ ಒಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಮಗೆ ಕಾಣುತ್ತದೆ. ಫಿಲ್ಮ್ ಹಾಕದೆಯೇ ಮನೆಯಲ್ಲಿ ಟಕ್ ಟಕ್ ಅನ್ನಿಸುತ್ತಾ ಕೂತೆ. ಪಾತ್ರೆ ನೋಡಿದೆ, ಬಾಗಿಲು ನೋಡಿದೆ, ನನ್ನದೇ ಕಾಲ ಹೆಬ್ಬೆರಳು ನೋಡಿದೆ. ಅಜ್ಜಿ, "ಇವಳಿಗೆ ವಯಸ್ಸಾದ ಮೇಲೆ ಆಟದ ಸಾಮಾನು ಸಿಕ್ಕಿದೆ," ಅಂತ ಪಕ್ಕದ ಮನೆಯವಳಿಗೆ ಕೇಳಿಸುವ ಹಾಗೆ ಹೇಳಿದಳು.

ಮೊದಲ ರೀಲು ಹಾಕಿ ಲಾಂಡ್ರಿಗೆ ಒಯ್ದೆ. ಗಂಟಲಕ್ಕ ಗೊತ್ತಲ್ಲ, ಮೆರವಣಿಗೆಯಲ್ಲಿ ಮೈಕೇ ಬೇಡದವಳು, ಒಗೆಯುವ ಯಂತ್ರದ ಹತ್ತಿರ ಇರುತ್ತಾಳೆ. ಅವಳ ಸಲಹೆಯ ಮೇಲೆ ಅಜ್ಜಿಯನ್ನು ಲಾಂಡ್ರಿಯ ಹಿಂದಿನ ಅಂಗಳಕ್ಕೇ ಕರೆದುಕೊಂಡು ಹೋದೆ. ಜೀವಮಾನ ದುಡಿದವಳಿಗೆ ಮರ್ಯಾದೆಯ ಜಾಗ ಅದೇ ತಾನೆ. ನಮ್ಮ ಹೆಂಗಸರು ಗಂಜಿ ಹಾಕಿ ಕಡಕ್ಕಾಗಿದ್ದ ಹೊಸ ಚಾದರ ಹುಡುಕಿ ತಂದು, ಒಂದು ಮಡಿಕೆಯೂ ಇಲ್ಲದ ಹಾಗೆ ಎಳೆದು ಅಜ್ಜಿಯ ಬೆನ್ನ ಹಿಂದೆ ಕಟ್ಟಿದರು. ನಮ್ಮಲ್ಲಿ ಯಾವಾಗಲೂ ಹಾಗೇ, ಯಾರಿಗಾದರೂ ಗೌರವ ಅಂದರೆ ಅವರ ಹಿಂದೆ ಎಲ್ಲಕ್ಕಿಂತ ಬಿಳಿಯ ಚಾದರ. ಕಣ್ಣಿಗೆ ಕಾಣುವ ಚೌಕದೊಳಗೆ ಒಂದು ಮುಳ್ಳು ಇರುತ್ತದೆ, ಬೆಳಕು ಅಳೆಯುವುದು. ಅದು ಮಧ್ಯಕ್ಕೆ ಬಂದರೆ ಸರಿ ಅಂತ ಗೊಣಗಪ್ಪ ಹೇಳಿಕೊಟ್ಟಿದ್ದ. ಮಧ್ಯಕ್ಕೇ ತಂದೆ. ಅಜ್ಜಿ ಎಲ್ಲರ ಕಾಟಕ್ಕೆ ಅರ್ಧ ತಲೆ ಎತ್ತಿದಳು. ಒತ್ತಿದೆ. ಮಿಕ್ಕ ಫಿಲ್ಮಿನಲ್ಲಿ ಸುಮ್ಮನೆ ಕಂಡದ್ದೆಲ್ಲ ತೆಗೆದೆ: ಚಾದರದ ರಾಶಿ, ನನ್ನ ಕರೀ ಕಬ್ಬಿಣದ ಉರುಳೆ.

ಪ್ರಿಂಟು ಬಂತು. ಅಜ್ಜಿ ಮತ್ತೆ ಮಸಿ.

ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಫೋಟೋ ತಿರುಗಿಸಿಟ್ಟು, ಕುಡಿಯಲು ನೀರು ಕೇಳಿದಳು. ನನ್ನ ಕೈಯೇ ಆ ಹಳೇ ಫೋಟೋದವನ ಕೈ ಆಗಿಬಿಟ್ಟಿತಲ್ಲ ಅಂತ ಮೈಯೆಲ್ಲ ಉರಿಯಿತು.

ಆದರೆ ಆ ರೀಲಿನಲ್ಲಿ ಇನ್ನೊಂದು ಸೋಜಿಗ ಇತ್ತು. ಚಾದರದ ರಾಶಿ ಬೆಳ್ಳಗಿರಲಿಲ್ಲ, ಬೂದಿ. ಮೇಲ್ವಿಚಾರಕ ನೋಡಿದ್ದರೆ ಅಷ್ಟನ್ನೂ ಮತ್ತೆ ಒಗೆಯಲು ಹಾಕಿಸುತ್ತಿದ್ದ. ಕರೀ ಉರುಳೆ ಕಪ್ಪಗಿರಲಿಲ್ಲ, ಅದೂ ಬೂದಿ. ಎರಡೂ ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ, ಒಂದೇ ಬಣ್ಣ, ಒಗೆದು ಉಳಿದ ನೀರಿನ ಬಣ್ಣ. ನನ್ನ ತಲೆ ಓಡತೊಡಗಿತು. ಆ ಮುಳ್ಳಿಗೆ ಲೋಕದಲ್ಲಿ ಒಂದೇ ಬಣ್ಣ ಗೊತ್ತು ಕಣೇ. ಏನು ತೋರಿಸಿದರೂ ಅದು ಬೂದಿ ಅಂದುಕೊಂಡೇ ಅಳೆಯುತ್ತದೆ. ಬಿಳಿ ಜಾಸ್ತಿ ಕಂಡರೆ, ಅಯ್ಯೋ ಬೆಳಕು ಹೆಚ್ಚಾಯಿತು ಅಂತ ಬೆಳಕು ಒಳಬರುವ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಿಸುತ್ತದೆ. ಆಗ ಚಾದರ ಬೂದಿ, ಅದರ ಮುಂದೆ ನಿಂತ ಕರೀ ಮುಖ ಮಸಿ. ಅಂದರೆ ಇಷ್ಟು ವರ್ಷ ಅಜ್ಜಿಯ ಮುಖ ನುಂಗಿದ್ದು ಮೇಲ್ವಿಚಾರಕರ ಮುಖಕ್ಕೆ ಮಾತ್ರ ಬೆಳಕು ಹೊಂದಿಸಿದ ಫೋಟೋದವನೂ ಹೌದು, ಗೌರವ ಅಂತ ನಾವೇ ಕಟ್ಟಿದ ಆ ಬಿಳಿ ಚಾದರವೂ ಹೌದು. ಯಾರ ಮುಖಕ್ಕೆ ಬೆಳಕು ಅಳೆಯುತ್ತಾರೋ ಫೋಟೋ ಅವರದು, ಮಿಕ್ಕವರು ಹಿನ್ನೆಲೆ. ಇದನ್ನು ಗಂಟಲಕ್ಕನಿಗೆ ಹೇಳಿದೆ. ಅವಳು ಊಟದ ವೇಳೆಯಲ್ಲಿ ಅದನ್ನೇ ಒಂದು ಭಾಷಣ ಮಾಡಿದಳು, ನನ್ನ ಹೆಸರು ಹೇಳದೆ.

ಗೊಣಗಪ್ಪನ ಹತ್ತಿರ ಓಡಿದೆ. ಅದಕ್ಕೇನು ಬ್ರಹ್ಮವಿದ್ಯೆ, ಮುಖದ ಹತ್ತಿರ ಹೋಗಿ ಅಳೆಯಿರಿ, ಮುಗೀತು ಅಂದ. ಮುಗಿಯಲಿಲ್ಲ ಸ್ವಾಮಿ ಅಂತ ಉರುಳೆಯ ಫೋಟೋ ಮುಂದಿಟ್ಟೆ. ಮುಖಕ್ಕೇ ಅಳೆದರೆ, ಬೆಳಕು ಕಮ್ಮಿ ಅಂದುಕೊಂಡು ಕಿಂಡಿ ತೆರೆಸಿ ಮುಖವನ್ನೂ ಹೀಗೆ ಬೂದಿ ಮಾಡುತ್ತದೆ, ಆಗ ಇದಕ್ಕೂ ಆ ಸುಣ್ಣದ ಫೋನಿಗೂ ಏನು ವ್ಯತ್ಯಾಸ ಅಂದೆ. ಮುಖಕ್ಕೆ ಅಳೆದು, ಆಮೇಲೆ ಕಿಂಡಿಯನ್ನು ನಾನೇ ಒಂದು ಹೆಜ್ಜೆ ಮುಚ್ಚುತ್ತೇನೆ ಅಂದದ್ದಕ್ಕೆ, ಮುಳ್ಳಿನ ಮಾತು ಮೀರಿದರೆ ಫಿಲ್ಮ್ ದಂಡ ಅಂತ ಗೊಣಗಿದ. "ಮುಳ್ಳು ತೋರಿಸಿದ ಕಡೆ ನಿಂತಿದ್ದರೆ ನಮಗೆ ವಾರದ ರಜೆಯೂ ಸಿಗುತ್ತಿರಲಿಲ್ಲ," ಅಂದು ಇನ್ನೊಂದು ರೀಲು ಕೊಡಿ ಅಂದೆ.

ಈ ಸಲ ಚಾದರವಿಲ್ಲ, ಅಂಗಳವಿಲ್ಲ. ಅಡುಗೆಮನೆ ಕಿಟಕಿಯ ಪಕ್ಕ, ಹೊಗೆ ಹಿಡಿದ ಗೋಡೆಗೆ ಬೆನ್ನು ಕೊಟ್ಟು ಕೂರಿಸಿದೆ. ಅಜ್ಜಿ ತಲೆ ಬಗ್ಗಿಸಿಯೇ ಇದ್ದಳು. ನಾನು ಅವಳ ಕೆನ್ನೆಯ ಹತ್ತಿರ ಕ್ಯಾಮೆರಾ ಒಯ್ದು ಅಳೆದೆ, ಉಂಗುರ ತಿರುಗಿಸಿ ಕಿಂಡಿ ಒಂದು ಹೆಜ್ಜೆ ಮುಚ್ಚಿದೆ, ಹಿಂದೆ ಸರಿದೆ. ಇಷ್ಟು ಹೊತ್ತು ತನ್ನ ಮುಖವನ್ನು ಯಾರೂ ಹೀಗೆ ನೋಡಿರಲಿಲ್ಲ ಅಂತ ಕಾಣುತ್ತದೆ, ಅವಳಿಗೆ ಕುತೂಹಲ ತಡೆಯಲಾಗಲಿಲ್ಲ. ನೆಲ ನೋಡುತ್ತಲೇ ಕೇಳಿದಳು.

"ಏನು ಅಳೀತಿದ್ದೀಯೇ?"

"ನಿನ್ನ ಬಣ್ಣ."

"ಅದನ್ನ ಏನು ಮಾಡ್ತೀಯ?"

"ಇದ್ದ ಹಾಗೇ ಇಡ್ತೀನಿ."

ಒತ್ತಿದೆ. ನನ್ನ ಕಣ್ಣಿಗೆ ಕತ್ತಲೆ. ಕನ್ನಡಿ ಇಳಿದಾಗ ಅವಳು ಮತ್ತೆ ನೆಲ ನೋಡುತ್ತಿದ್ದಳು. ನಡುವಿನ ಗಳಿಗೆಯಲ್ಲಿ ಏನಾಯಿತು ಅನ್ನುವುದು ಪ್ರಿಂಟು ಬರುವವರೆಗೂ ನನಗೆ ಗೊತ್ತಿರಲಿಲ್ಲ.

ಈ ಕಾಗದದ ಜೊತೆ ಇಟ್ಟಿದ್ದೇನೆ, ನೋಡು. ತಲೆ ಎತ್ತಿದ್ದಾಳೆ. ನೇರ ನನ್ನನ್ನೇ ನೋಡುತ್ತಿದ್ದಾಳೆ. ಕರೀ ಕೆನ್ನೆಯ ಮೇಲೆ ಕಿಟಕಿಯ ಬೆಳಕು ಎಣ್ಣೆಯ ಹಾಗೆ ನಿಂತಿದೆ. ಬಿಸಿ ಉಗಿ ತಾಗಿದ ಹಣೆಯ ಗುರುತು, ಗಲ್ಲದ ಗುಳಿ, ಒಂದೊಂದು ಸುಕ್ಕು, ಯಾವುದೂ ಬಿಟ್ಟುಹೋಗಿಲ್ಲ. ಬೂದಿಯಲ್ಲ, ಮಸಿಯಲ್ಲ. ಅಜ್ಜಿ ಅದನ್ನು ಬಹಳ ಹೊತ್ತು ಹಿಡಿದುಕೊಂಡಿದ್ದಳು. ಆಮೇಲೆ, "ಇವಳು ನಮ್ಮಮ್ಮ ಅಲ್ವೇನೇ?" ಅಂದಳು. ಅವಳ ಅಮ್ಮನದು ಒಂದು ಫೋಟೋವೂ ಇಲ್ಲ, ನಿನಗೆ ಗೊತ್ತು. ತನ್ನ ಮುಖದೊಳಗೆ ಅವಳಿಗೆ ತಾಯಿ ಸಿಕ್ಕಿದಳು. ಅವತ್ತಿಡೀ ಅವಳ ಬಾಯಿಂದ ಒಂದು ಬೈಗುಳವೂ ಬರಲಿಲ್ಲ, ನನಗೆ ಭಯವೇ ಆಯಿತು.

ತೊಟ್ಟಿಲ ಮೇಲೆ ಹಾಕು. ಗಾಜು ಹೊಳೆಯದ ಕಡೆ ಹಾಕು. ಮೈ ಹುಷಾರು, ಹೊತ್ತಿಗೆ ಸರಿಯಾಗಿ ಉಣ್ಣು, ಕೆಲಸಕ್ಕೆ ವಾಪಸು ಬಾ ಅಂತ ನಿನ್ನ ಪೇಂಟ್ ಅಂಗಡಿಯವನು ಪೀಡಿಸಿದರೆ ರಜೆಯ ಕಾನೂನು ಕೇಳು, ಹೆದರಬೇಡ. ಮಗು ನೂರು ಕಾಲ ತಲೆ ಎತ್ತಿ ಬಾಳಲಿ. ನನ್ನದೂ ಅಜ್ಜಿಯದೂ ಆಶೀರ್ವಾದ.

ನಿನ್ನ
ಅಮ್ಮ

ತಾ.ಕ.: ನೀನು ಕಳಿಸಿದ ಮಗುವಿನ ಫೋಟೋ ನೋಡಿ ಅಜ್ಜಿ, ಯಾರ ಹಾಗಿದೆ ಅಂತ ಕೇಳಿದಳು. ನನಗೆ ಹೇಳಲಾಗಲಿಲ್ಲ. ಈ ಕಾಗದ ತಡವಾದದ್ದು ಅದಕ್ಕೇ. ನಿನ್ನ ಫೋನೂ ಮಗುವಿನ ಮುಖಕ್ಕೆ ಸುಣ್ಣ ಬಳಿದಿದೆ ಅಂತ ಮೊದಲು ಅದನ್ನೇ ಬೈದುಕೊಂಡೆ. ಆದರೆ ಫೋನಿಗೆ ಬಣ್ಣ ಗೊತ್ತಿಲ್ಲ, ನಿನಗೆ ಗೊತ್ತು. ಪೇಂಟ್ ಅಂಗಡಿಯಲ್ಲಿ ಗಿರಾಕಿ ತಂದ ಗೋಡೆಯ ಚಕ್ಕೆಗೆ ಕೂದಲೆಳೆಯಷ್ಟೂ ತಪ್ಪದ ಹಾಗೆ ಬಣ್ಣ ಬೆರೆಸುವ ಕಣ್ಣು ನಿನ್ನದು. ಆ ಕಣ್ಣು ನೋಡಿ, ಸರಿ ಅಂದ ಮೇಲೇ ಆ ಹಾಲಿನ ಮುಖ ನಮಗೆ ಬಂದದ್ದು. ಯಾರ ಮೂದಲಿಕೆಗೆ ಹೆದರಿದೆ ಅಂತ ನಾನು ಕೇಳುವುದಿಲ್ಲ. ಮುಖ ತೊಳೆಯುವ ಅವಸರದಲ್ಲಿ ಮೊಣಕೈ ಮರೆತಿದ್ದೀಯ, ಮಗಳೇ. ಬಟ್ಟೆಯ ಅಂಚಿನಲ್ಲಿ ಅದೊಂದು ನಿಜವಾದ ಬಣ್ಣದಲ್ಲಿ ಉಳಿದಿದೆ, ಅಜ್ಜಿಯ ಬಣ್ಣ. ದಿನಾ ಅದನ್ನೇ ದೊಡ್ಡದು ಮಾಡಿಕೊಂಡು ನೋಡುತ್ತೇನೆ. ಆ ಮೊಣಕೈಯ ಮುಖ ಹೇಗಿದೆ, ತೆಗೆದು ಕಳಿಸು.