ಅಸೆಕೆನ್ಯೆಯ ಮೇಕೆಯ ಮೊದಲ ಹೆಣ್ಣುಮರಿ

ಮೇ 6, ಬೆಳಿಗ್ಗೆ

ಚಹಾ. ತಂಗಳು ರಾಗಿಮುದ್ದೆ. ಅಕುರುತ್ ಆಗಲೇ ಗುದ್ದಲಿ ಹೊತ್ತು ಹೋದಳು, ಕಂಡವರ ಹೊಲ ಅಗೆಯೋಕೆ. ಒಂದು ಕೈ ಸೊಂಟದ ಮೇಲೆ. ಹೆಂಡತಿ ಅಗೀತಾಳೆ, ರಿಟೈರ್ಡ್ ಮೇಷ್ಟ್ರು ಗೀಚ್ತಾನೆ. ಕೆಲಸದ ಹಂಚಿಕೆ.

ಅವಳ ಸಂಘದ ನಿಯಮ: ಒಂದು ಮನೆಗೆ ಹಾಲಿನ ಮೇಕೆ, ಅದರ ಮೊದಲ ಹೆಣ್ಣುಮರಿ ಮುಂದಿನ ಮನೆಗೆ. ಮೇಕೆ ಇರೋದು ಪಕ್ಕದ ಅಸೆಕೆನ್ಯೆ ಹತ್ತಿರ. ಮುಂದಿನ ಮನೆ ನಮ್ಮದು. ಹಾಲು ಶುರುವಾದರೆ ಅಕುರುತ್ ಗುದ್ದಲಿ ಇಳಿಸಬಹುದು.

ಹೋದ ತಿಂಗಳು ಮೇಕೆ ಈದಿತು. "ಹೆಣ್ಣೇ. ಹುಟ್ತಾನೇ ಸತ್ತೋಯ್ತು. ಮರೀರಿ ಮೇಷ್ಟ್ರೆ" ಅಂದಳು ಅಸೆಕೆನ್ಯೆ.

ಮರೀನ ಮರೆಯೋದು ಹೇಗೆ? ಅದೂ ಇವಳು ಅಳಲೇ ಇಲ್ಲ. ಬಾಡಿಗೆ ಬೋಡಾ ಬೈಕಿಗೆ ಬೀದಿನಾಯಿ ಸಿಕ್ಕಿ ಸತ್ತಾಗ ಎರಡು ದಿನ ಅತ್ತವಳು!

ಮೇ 9

ಅಸೆಕೆನ್ಯೆ ಬೇಲಿ ಪಕ್ಕ ನಿಂತು ಹಲ್ಲುಜ್ಜಿದೆ. ಅರ್ಧ ಗಂಟೆ. "ಹಲ್ಲು ಉಳಿದಿದ್ಯಾ ಮೇಷ್ಟ್ರೆ?" ಅಂತ ಕೇಳಿದಳು. ಅನುಮಾನ ಬಂದಿರಬೇಕು. ಅವಳಿಗೂ.

ಮೇ 11

ಅವಳು ಬೋರ್‌ವೆಲ್‌ಗೆ ಹೋದಾಗ ನುಗ್ಗಿದೆ. ಮೇಕೆ ಗೂಡು ನಾಲ್ಕು ಕಂಬದ ಮೇಲೆ, ಸಂದು ಬಿಟ್ಟ ಹಲಗೆ ನೆಲ. ಕೆಳಗೆ ಬಗ್ಗಿದೆ. ದೊಡ್ಡ ಹಿಕ್ಕೆ, ಕಡಲೆ ಗಾತ್ರ. ನಡುವೆ ಸಣ್ಣವು... ಮೆಣಸಿನ ಕಾಳಿನಷ್ಟು. ತಾಜಾ!

ಸತ್ತ ಮರಿ ಹಿಕ್ಕೆ ಹಾಕುತ್ತಾ? ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದು ಇವತ್ತು ಕೆಲಸಕ್ಕೆ ಬಂತು. ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡೆ.

ಅಕುರುತ್ ಅಂಗಿ ಒಗೆಯೋಕೆ ತಗೊಂಡಳು. "ಏನ್ರೀ ಇದು?"

"ಸಾಕ್ಷಿ."

"ನಾರ್ತಿದೆ ನಿಮ್ಮ ಸಾಕ್ಷಿ."

ಮೇ 16

ಮಾವಿನ ಮರದ ಕೆಳಗೆ ಸಂಘ ಸೇರಿತ್ತು. ಅಧ್ಯಕ್ಷೆ ಅದೆಮುನ್ ಅಜ್ಜಿಯ ಮುಂದೆ ಪೊಟ್ಟಣ ಬಿಚ್ಚಿದೆ. ಅಜ್ಜಿ ಮೂಗು ಮುಚ್ಚಿಕೊಂಡು ಅಸೆಕೆನ್ಯೆಯನ್ನ ನೋಡಿದರು.

"ಹೌದು, ಬದುಕಿದೆ. ಒಳಕೋಣೇಲಿ ಇಟ್ಟಿದ್ದೆ. ಹಾಲು ಕುಡಿಸೋಕಷ್ಟೇ ಗೂಡಿಗೆ ಬಿಡ್ತೀನಿ."

"ಯಾಕಮ್ಮ ಬಚ್ಚಿಟ್ಟೆ?"

"ಭಯಕ್ಕೆ, ಅಜ್ಜಿ. ಹೋದ ವರ್ಷ ಸಂಘ ಕೊಟ್ಟ ಆರು ಕೋಳಿ ಎಲ್ಲಿ, ಕೇಳಿ ಇವರನ್ನ!"

ಆ ಕೋಳಿಗಳ ವಿಷಯ ಈ ದಿನಚರಿಯಲ್ಲಿಲ್ಲ. ಹೋದ ವರ್ಷದ್ದರಲ್ಲೂ ಇಲ್ಲ. ತೆಗೆದು ನೋಡಿದೆ.

"ನೆಂಟರು ಬಂದಿದ್ರು" ಅಂದೆ.

"ಆರು ಸಲಾನಾ?" ಅಂದರು ಅಜ್ಜಿ.

"ನಮ್ಮದು ದೊಡ್ಡ ಬಳಗ."

ಎಲ್ಲರೂ ಮರದ ಎಲೆ ಉದುರೋ ಹಾಗೆ ನಕ್ಕರು. ಅಕುರುತ್ ನಗಲಿಲ್ಲ. ನೆಲ ನೋಡ್ತಾ ಕೂತಿದ್ದಳು.

ತೀರ್ಮಾನ: ನಾನು ಗೂಡು ಕಟ್ಟಬೇಕು. ಅಸೆಕೆನ್ಯೆ ಒಪ್ಪಿದರೆ, ಹಾಲು ಬಿಡಿಸಿದ ಮೇಲೆ ಮರಿ ನಮಗೆ. ಒಪ್ಪದಿದ್ದರೆ ನಮ್ಮ ಮನೆ ದಾಟಿ ಆಚೆ. ಕಳ್ಳಿಯೇ ನ್ಯಾಯಾಧೀಶೆ!

ಜೂನ್ 2

ಗೂಡು ಕಟ್ಟಿ ಕೈತುಂಬ ಬೊಬ್ಬೆ. ಪರೀಕ್ಷೆಗೆ ಅಸೆಕೆನ್ಯೆ ಬಂದಳು. ಹಲಗೆ ಸಂದಿಗೆ ಬೆರಳಿಟ್ಟು ನೋಡಿದಳು. "ಮರಿ ಕಾಲು ಸಿಕ್ಕೊಳ್ಳುತ್ತೆ. ಬಿಚ್ಚಿ."

ಬೇಕೂಂತಲೇ. ಬಿಚ್ಚಿದೆ.

ಜುಲೈ 21

ಮೂರನೇ ಸಲ ಬಿಚ್ಚಿದ್ದು. ಈ ಸಲ ಸೂರು ಸೋರುತ್ತಂತೆ. ನಮ್ಮ ಮನೆ ಸೂರೂ ಸೋರುತ್ತೆ, ಅದನ್ನ ಯಾರೂ ಪರೀಕ್ಷೆ ಮಾಡಲಿಲ್ಲ.

ಆಗಸ್ಟ್ 18

ಪಾಸಾದೆ! ಸಂಘದ ಪದ್ಧತಿ: ಕೊಡುವವರು, ತಗೊಳ್ಳುವವರು ಇಬ್ಬರೂ ಹಗ್ಗ ಹಿಡೀಬೇಕು, ಕೊಡುವವರು ಬಿಡಬೇಕು. ಚಪ್ಪಾಳೆ ಮುಗೀತು, ಹಾಡು ಮುಗೀತು, ಅಸೆಕೆನ್ಯೆ ಬಿಡಲೊಲ್ಲಳು. "ಬಿಡಮ್ಮ ತಾಯಿ, ನನ್ನ ಕೈ ನೋಡು" ಅಂತ ಬೊಬ್ಬೆ ತೋರಿಸಿದೆ. ಬಿಟ್ಟಳು.

ಆಗಸ್ಟ್ 20, ಮಧ್ಯಾಹ್ನ

ಮರಿ ಮೇಯ್ತಿಲ್ಲ. ಎರಡು ದಿನ. ಗೆಣಸಿನ ಬಳ್ಳಿ ಮುಟ್ಟಲ್ಲ. ನೀರೂ ಅಷ್ಟಕ್ಕಷ್ಟೇ. ಏನೋ ತಿನ್ನಿಸಿ ಕಳಿಸಿದಾಳಾ? ಸತ್ತರೆ "ನೋಡಿ, ಹೇಳಿದ್ನಲ್ಲ" ಅನ್ನಬಹುದು...

ಅಕುರುತ್ ಗದರಿದಳು: "ಅನುಮಾನ ಮೇಯುತ್ತೇನ್ರೀ ಅದು? ಅಸೆಕೆನ್ಯೆ ಅದನ್ನ ಏನಂತ ಕರೀತಿದ್ಲು, ಹೋಗಿ ಕೇಳಿ."

ಹೋದೆ. ಬೇಲಿ ಮೇಲಿಂದ ಕೇಳಿದೆ. ಅಸೆಕೆನ್ಯೆ ಹೆಸರು ಹೇಳಲಿಲ್ಲ. ಮೊರ ಕೆಳಗಿಟ್ಟು ಓಡಿ ಬಂದಳು. ಮರಿ ಕಿವಿಯಲ್ಲಿ ಏನೋ ಅಂದಳು. ಬಳ್ಳಿ ಹಿಡಿದಳು. ತಿಂತು!

ಆಮೇಲೆ ಹಾಗೆ ಕರೆಯೋದನ್ನ ಅಕುರುತ್‌ಗೆ ಕಲಿಸಿದಳು. ಅವಳ ಕೈಯಿಂದಲೂ ತಿಂತು. ನಾನು ಒಳಗೆ ಬಂದು ಕೂತೆ, ಬರೆಯೋ ನೆಪದಲ್ಲಿ.

ಕೂಗ್ತಿದ್ದಾಳೆ ಅಸೆಕೆನ್ಯೆ. "ಮೇಷ್ಟ್ರೆ, ಬನ್ನಿ, ನೀವೂ ಕರೀರಿ. ಈಗ ನಿಮ್ಮ ದನಿ ಕೇಳಿದ್ರೆ ಹೆದರಿ ಗೂಡಿನ ಮೂಲೆಗೆ ಹೋಗುತ್ತೆ."

ಬೇಕೂಂತಲೇ ಹೇಳ್ತಿದ್ದಾಳೆ. ಅಥವಾ... ಇಲ್ಲ, ನಾನು ಒಳಗಿಂದ 'ಏನು?' ಅಂದಿದ್ದಕ್ಕೇ ನಿಜಕ್ಕೂ ಮೂಲೆಗೆ ಹೋಗಿದೆ. ಕಿಟಕಿಯಿಂದ ಕಾಣ್ತಿದೆ. ಇಬ್ಬರೂ ಬಳ್ಳಿ ಹಿಡಿದು ಕಾಯ್ತಿದ್ದಾರೆ. ಮೆತ್ತಗೆ ಕರೀಬೇಕಂತೆ. ಮೂವತ್ತು ವರ್ಷ ತರಗತಿಯಲ್ಲಿ ಕಿರುಚಿದ ಗಂಟಲು, ಮೆತ್ತಗೆ ಅಂದರೆ ಹೇಗೆ—