ರಿಸ್ಸಾನ ಮಗಳ ಕಡೆಯವರು

ಅಕ್ಟೋಬರ್ ೯, ಆರ್ಲಿತ್
ಸಜ್ಜೆಯಲ್ಲಿ ಮತ್ತೆ ಮರಳು. ಎರಡು ಸಲ ತೊಳೆದೆ. ಮಗಳು ತಿಮಾ ಉಣ್ಣದೆ ಶಾಲೆಗೆ ಓಡಿದಳು. ಹಿಂದೆಯೇ ನಾನೂ — ಮೂರನೇ ತರಗತಿಗೆ ಗುಣಾಕಾರ ಕಲಿಸಬೇಕಿತ್ತು.

ಸಂಜೆ ದರ್ಜಿ ಕಲಕೋವನ ಅಂಗಡಿಯಲ್ಲಿ ರೇಡಿಯೋ. ವಿದೇಶಿ ಪ್ರವಾಸಿಗಳನ್ನು ಅಪಹರಿಸಿದ ಉಗ್ರರನ್ನು ವಿಶ್ವಸಂಸ್ಥೆ ನಿರ್ಬಂಧದ ಪಟ್ಟಿಗೆ ಸೇರಿಸಿದೆಯಂತೆ. ಅಟ್ಟಾಹೆರ್‌ನ ಹೆಸರೂ ಇದೆ. ಬ್ಯಾಂಕ್ ಖಾತೆ ಸ್ಥಗಿತ. ಯಾವ ದೇಶದ ಗಡಿಯನ್ನೂ ದಾಟುವಂತಿಲ್ಲ.

"ಬ್ಯಾಂಕಂತೆ," ಕಲಕೋವ ನಕ್ಕ. "ಅವ್ನು ಬ್ಯಾಂಕಿನ ಬಾಗಿಲು ನೋಡಿದ್ರೆ ನಾನು ಕತ್ತರಿ ಹಿಡಿಯೋದೇ ಬಿಟ್ಬಿಡ್ತೀನಿ. ಇನ್ನು ಗಡಿ... ಅವ್ನ ಒಂಟೆಗೆ ಗೊತ್ತೇನಮ್ಮ ಗಡಿ ಎಲ್ಲಿದೆ ಅಂತ?" ಆಮೇಲೆ ನನ್ನ ಮುಖ ನೋಡಿ ಹೊಲಿಗೆಗೆ ತಲೆ ಬಗ್ಗಿಸಿದ.

ಅಪಹರಣಕ್ಕೊಳಗಾದ ಆಸ್ಟ್ರಿಯಾದ ಗಂಡ ಹೆಂಡತಿಯ ಹೆಸರು ರೇಡಿಯೋದಲ್ಲಿ ಹೇಳಿದರು. ರಿಸ್ಸಾನದು ಹೇಳಲಿಲ್ಲ. 'ಒಬ್ಬ ಸ್ಥಳೀಯ ಚಾಲಕ' ಎಂದರು. ಅವರಿದ್ದ ಜೀಪಿನ ಕೀಲಿ ಕೊಡುವುದಿಲ್ಲ ಎಂದದ್ದಕ್ಕೆ ಅಟ್ಟಾಹೆರ್‌ನ ಗುಂಡು ತಿಂದವನು. ನನ್ನ ಗಂಡ.

ದಾರ ಕೊಂಡು ಮನೆಗೆ ಬಂದೆ. ಏನೂ ಅನ್ನಿಸಲಿಲ್ಲ.

ನವೆಂಬರ್ ೨
ಟಕಾಮತ್ ಬಂದಿದ್ದಳು. ನನ್ನ ಚಿಕ್ಕಮ್ಮನ ಮಗಳು. ಅಟ್ಟಾಹೆರ್‌ನ ಹೆಂಡತಿ. ರಿಸ್ಸಾ ಹೋದ ಮೇಲೆ ಈ ಹೊಸಿಲು ತುಳಿದಿರಲಿಲ್ಲ.

ಅವಳ ಮಗಳು ಲೆಲ್ಲಾಳ ಹೃದಯದಲ್ಲಿ ತೂತು. ಗಡಿಯಾಚೆ ತಮನ್‌ರಾಸೆಟ್‌ನ ಆಸ್ಪತ್ರೆಗೆ ಹೊರಗಿನ ಡಾಕ್ಟರುಗಳು ಬರುವುದು ವರ್ಷಕ್ಕೊಮ್ಮೆ. ಆಪರೇಷನ್‌ಗೆ ದಿನ ಸಿಕ್ಕಿದೆ. ಗಡಿಯಲ್ಲಿ ವಾಪಸು ಕಳಿಸಿದ್ದಾರೆ — ಮಗುವಿನ ಕಾಗದದಲ್ಲಿ ಪಟ್ಟಿಯಲ್ಲಿರುವ ಅಪ್ಪನ ಹೆಸರು.

"ಕಂಪ್ಯೂಟರ್ ಒಪ್ತಿಲ್ಲ ಅಂದ್ರು ಅಕ್ಕ. ಎಂಟು ವರ್ಷದ್ದು, ಅದೇನ್ ಮಾಡುತ್ತೆ? ತಿಮಾಗೂ ಅಷ್ಟೇ ವಯಸ್ಸು. ಅವಳ ಕಾಗದದಲ್ಲಿ... ನಿನ್ನ ಮಗಳು ಅಂತ ಕರ್ಕೊಂಡು ಹೋಗು."

"ರಿಸ್ಸಾನ ಮಗಳು ಅಂತ."

"ಹೂಂ."

"ಅದನ್ನ ಕೇಳೋಕೆ ಬಾಯಿ ಬಂತಲ್ಲ ನಿಂಗೆ."

ಬಂದವರಿಗೆ ಮೂರು ಲೋಟ ಟೀ ನಮ್ಮ ವಾಡಿಕೆ; ಒಂದೇ ಕೊಟ್ಟೆ. ಎರಡನೆಯದಕ್ಕೆ ಕಾಯದೆ ಎದ್ದು ಹೋದಳು.

ನವೆಂಬರ್ ೧೧
ಶಾಲೆಯ ಅಂಗಳ. ಮಕ್ಕಳು ಓಡುತ್ತಿದ್ದರು. ಲೆಲ್ಲಾ ನಾಲ್ಕು ಹೆಜ್ಜೆ ಓಡಿ ಕುಕ್ಕರಗಾಲಲ್ಲಿ ಕುಳಿತಳು. ತುಟಿ ನೀಲಿ. ಯಾರೂ ತಿರುಗಿ ನೋಡಲಿಲ್ಲ — ರೂಢಿಯಾಗಿದೆ. ತಿಮಾ ಮಾತ್ರ ಆಟ ಬಿಟ್ಟು ಅವಳ ಪಕ್ಕ ಕುಳಿತಳು.

ಶಾಲೆ ಬಿಟ್ಟ ಮೇಲೆ ಟಕಾಮತ್ ಮನೆಗೆ ಹೋದೆ. ಒಳಗೆ ಹೋಗಲಿಲ್ಲ. "ಗುರುವಾರ ಲಾರಿ ಇದೆ" ಎಂದೆ. ಕೈ ಹಿಡಿಯಲು ಬಂದಳು. ಬಿಡಿಸಿಕೊಂಡೆ.

ತಿಮಾ ಕೇಳಿದಳು: "ನನ್ನ ಹೆಸರು ಅವಳು ತಗೊಂಡ್ರೆ ನನ್ನ ಏನಂತ ಕರೀತಾರೆ?"

ವಾಪಸು ತರುತ್ತೇನೆ ಎಂದೆ. ನಾನು ಬರುವ ತನಕ ತಿಮಾಳನ್ನು ನನ್ನ ಅಮ್ಮನ ಹತ್ತಿರ ಬಿಡಬೇಕು.

ಶುಕ್ರವಾರ, ಗಡಿ ದಾಟಿ
ಅಧಿಕಾರಿ ನನ್ನನ್ನು ಬಿಟ್ಟು ಮಗುವನ್ನೇ ಕೇಳಿದ. "ಅಪ್ಪನ ಹೆಸರು?"

"ರಿಸ್ಸಾ." ದಾರಿಯುದ್ದಕ್ಕೂ ಕಲಿಸಿದ್ದೆ.

"ಎಲ್ಲಿದ್ದಾರೆ?"

ಇದನ್ನು ಕಲಿಸಿರಲಿಲ್ಲ. ಲೆಲ್ಲಾ ನನ್ನ ಮುಖ ನೋಡಿದಳು.

"ತೀರ್ಕೊಂಡ್ರು," ಎಂದೆ. "ಡ್ರೈವರ್ ಆಗಿದ್ರು."

"ಈ ದಾರಿಗಳೇ ಹಂಗೆ ತಾಯಿ." ಮುದ್ರೆ ಒತ್ತಿದ.

ಮತ್ತೆ ಲಾರಿ ಹತ್ತಿದೆವು. ಗಡಿ ಮರೆಯಾದ ಮೇಲೆ ಲೆಲ್ಲಾ ಕೇಳಿದಳು — "ದೊಡ್ಡಮ್ಮ, ಅವರನ್ನ ಕೊಂದಿದ್ದು ನಮ್ಮಪ್ಪಾನೇ ಅಲ್ವಾ?"

"ನೀರು ಕುಡಿ," ಎಂದೆ. ಕುಡಿದಳು.

ನವೆಂಬರ್ ೧೯, ತಮನ್‌ರಾಸೆಟ್
ಬೆಳಿಗ್ಗೆ ಮಗುವನ್ನು ಒಳಗೆ ಕರೆದೊಯ್ದರು. ಅಂಗಳದ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಯಾರೋ ಒಬ್ಬ ಬಂದು ಕುಳಿತ. ಮುಂಡಾಸಿನ ಬಟ್ಟೆಯಲ್ಲಿ ಕಣ್ಣಷ್ಟೇ ಕಾಣುತ್ತಿತ್ತು. ಸ್ವರದಿಂದ ಗೊತ್ತಾಯಿತು. ಅಟ್ಟಾಹೆರ್.

"ಮಗು ಹೇಗಿದೆ, ಘೈಶಾ?"

"ಯಾರ ಮಗು?"

ಅವನು ಗದ್ದ ಎತ್ತಿ ಗೇಟಿನ ಕಡೆ ತೋರಿಸಿದ. "ಗೇಟಲ್ಲಿ ಪೊಲೀಸ್ ಇದ್ದಾನೆ. ಕೂಗೋದಾದ್ರೆ ಕೂಗು."

ಕೂಗಿದರೆ ಕಾಗದದ ಸುಳ್ಳು ಬಯಲಾಗುತ್ತದೆ. ಒಳಗೆ ಮಗು ಎದೆ ತೆರೆದು ಮಲಗಿದೆ. ಅದು ಅವನಿಗೂ ಗೊತ್ತು.

"ಕೀಲಿ ಕೊಟ್ಟಿದ್ರೆ ಬಿಟ್ಬಿಡ್ತಿದ್ದೆ," ಎಂದ. "ಎರಡು ಸಲ ಕೇಳ್ದೆ ಅವನ್ನ."

ಗೋಡೆಗೆ ಹಸಿರು ಬಣ್ಣ. ಕೆಳಗಡೆ ಕಿತ್ತು ಬಂದಿದೆ. ಅದನ್ನೇ ನೋಡುತ್ತಿದ್ದೆ. ಅಳು ಬರಬೇಕಿತ್ತು... ಬರಲಿಲ್ಲ.

ನರ್ಸ್ ಬಾಗಿಲು ತೆರೆದಳು. "ರಿಸ್ಸಾನ ಮಗಳ ಕಡೆಯವರು ಯಾರು?"

ಅವನು ಅರ್ಧ ಎದ್ದ. ನಾನು ಎದ್ದು ನಿಂತೆ. ಅವನು ಕುಳಿತ.

ಅದೇ ದಿನ, ಸಂಜೆ
ಎಲ್ಲ ಸರಿಹೋಗಿದೆ, ಇನ್ನು ಹೆದರುವಂಥದ್ದಿಲ್ಲ ಎಂದರು ಡಾಕ್ಟರ್. ಲೆಲ್ಲಾ ಕಣ್ಣು ಬಿಟ್ಟಳು. ತುಟಿಗೆ ಬಣ್ಣ ಬಂದಿದೆ. ನನ್ನ ಬೆರಳು ಹಿಡಿದು ಮತ್ತೆ ನಿದ್ದೆ ಹೋದಳು.

ಕಿಟಕಿಯಿಂದ ಅಂಗಳ ಕಾಣುತ್ತದೆ. ಅವನು ಇನ್ನೂ ಬೆಂಚಿನ ಮೇಲೆ. ಒಳಗೆ ಬಿಡುವುದು ಮನೆಯವರನ್ನು ಮಾತ್ರ. ಪೊಲೀಸಿನವನು ಗೇಟಿಗೊರಗಿ ಖರ್ಜೂರ ತಿನ್ನುತ್ತಿದ್ದಾನೆ.

ಕಾಗದ ಕಿತ್ತುಕೊಳ್ಳಲಿ. ನನ್ನನ್ನೂ ಹಿಡಿದುಹಾಕಲಿ. ಹೊಲಿದ ಎದೆಯನ್ನು ಯಾರೂ ಬಿಚ್ಚಲಾರರು.

ಅವನು ತಲೆಯೆತ್ತಿ ಕಿಟಕಿ ನೋಡಿದ. ನನ್ನನ್ನು ಕಂಡ. ಎದ್ದು ಹೋಗಬಹುದಿತ್ತು. ಹೋಗಲಿಲ್ಲ.

ಬೆರಳು ಮೆಲ್ಲಗೆ ಬಿಡಿಸಿಕೊಂಡೆ. ಚಪ್ಪಲಿ ಮೆಟ್ಟಿದೆ. ಇಷ್ಟು ಬರೆದಿಟ್ಟು ಗೇಟಿನ ಪೊಲೀಸಿನವನ ಹತ್ತಿರ ಹೊರಟಿದ್ದೇನೆ.