ಟವೆಲಿನ ಕೆಳಗೆ ಕಿವಿಗೇನು ಕೆಲಸ

ಪ್ರತಾಪ ನಗರ, ನಾಗಪುರ
೯ ಫೆಬ್ರುವರಿ ೨೦೨೫

ಪ್ರೀತಿಯ ಅತ್ತೆಯವರಿಗೆ ಸೊಸೆ ನೇತ್ರಾಳ ಶರಣಾರ್ಥಿ.

ಮಂಡಿನೋವು ಹೇಗಿದೆ? ಇಳಕಲ್ಲಿನಲ್ಲಿ ಮಗಳ ಬಾಣಂತನ ಮಾಡುತ್ತ ನಿಮ್ಮ ಔಷಧ ಮರೆತಿಲ್ಲ ತಾನೆ? ರಚನಾ, ಕೂಸು ಇಬ್ಬರೂ ಕ್ಷೇಮವೆಂದು ನಂಬಿದ್ದೇನೆ. ರಚನಾ, ಇದನ್ನು ಅವ್ವನಿಗೆ ಓದಿ ಹೇಳುವವಳು ನೀನೇ. ಬೇಸರವಾದೀತೆಂದು ಒಂದು ಸಾಲನ್ನೂ ನುಂಗಬೇಡ.

ಆ ಬೆಳಿಗ್ಗೆ ಮಿಕ್ಸರ್ ತಿರುಗುತ್ತಿದ್ದರೂ ಸದ್ದಿಲ್ಲದ್ದು ನೋಡಿ ಗುಂಡಿಯನ್ನು ಮತ್ತೆ ಮತ್ತೆ ತಿರುಗಿಸಿದ್ದೆ. ಮಲಗುವಾಗ ಸರಿಯಿದ್ದ ಎರಡೂ ಕಿವಿ ಏಳುವಷ್ಟರಲ್ಲಿ ಹೋಗಿದ್ದವು. ಗುಳಿಗೆ, ಕಿವಿಯೊಳಗೇ ಇಂಜೆಕ್ಷನ್, ಎಲ್ಲ ಆದಮೇಲೆ ಬಲಗಿವಿ ನಿಧಾನವಾಗಿ ಬಂತು. ಮೊದಲು ಕೇಳಿಸಿದ್ದು ಕುಕ್ಕರಿನ ಸೀಟಿ. ಬೇಳೆ ಸೀದುಹೋದರೂ ಒಲೆ ಆರಿಸಲು ಮನಸ್ಸಾಗಲಿಲ್ಲ. ಎಡಗಿವಿ ಇನ್ನು ಬರುವುದಿಲ್ಲವಂತೆ. ಬಾರದಿದ್ದರೆ ಬೇಡ. ಬಲಕ್ಕೆ ಕೇಳುವ ಮಷೀನು ಹಾಕಿಕೊಂಡು ಗಾಂಧಿಬಾಗಿನ ನಮ್ಮ ಸೀರೆ ಅಂಗಡಿಗೆ ಹೋಗತೊಡಗಿದ್ದೇನೆ.

ಅದನ್ನು ಪ್ರಭುದೇವನಿಗೆ ನೋಡಲಾಗುತ್ತಿಲ್ಲ. ಮೈದುನನೆಂದು ಇಷ್ಟು ದಿನ ಸುಮ್ಮನಿದ್ದೆ. "ವೈನಿ, ನಿಮಗ ಕೇಳಂಗಿಲ್ಲ, ಮಂದಿ ನಗತಾರ, ಆರಾಮ ಮನ್ಯಾಗ ಕುಂದ್ರಿ" ಎನ್ನುತ್ತಲೇ, ನಿಮ್ಮ ಹೆಸರಿನಲ್ಲಿರುವ ಅಂಗಡಿಯನ್ನು ಯಾರೋ ಮೊಬೈಲಿನವನಿಗೆ ಬಾಡಿಗೆಗೆ ಮಾತಾಡಿದ್ದಾನೆ. ನಿಮ್ಮ ಹಿರಿಮಗ, ನನ್ನ ಯಜಮಾನರು, ರೈಲು ಓಡಿಸುವುದರಲ್ಲಿ ಗಟ್ಟಿ. ತಮ್ಮನ ಮುಂದೆ ಮಾತ್ರ ಬಾಯಿಲ್ಲ.

ನಿನ್ನೆ ದಲಾಲ ಢೋಮನೆ ಕಾಕಾ ಸೀರೆಗಳ ಖರೀದಿ ಸೌದಾಕ್ಕೆ ಬಂದರು. ಮದುವೆ ದಿನಗಳ ಗದ್ದಲಕ್ಕೆ ಮಷೀನು ಬರೀ ಗುಂಯ್‌ಗುಟ್ಟುತ್ತಿತ್ತು. ಸಹಾಯಕ್ಕೆಂದು ಬಂದ ಪ್ರಭುದೇವ, ನಾವು ಇಳಿಯಬಹುದಾದ ಕಟ್ಟಕಡೆಯ ದರವನ್ನು ನನ್ನ ಕಿವಿಗೆ ಕೂಗಿದ. ಅದೂ ಸತ್ತ ಎಡಗಿವಿಗೆ. ಇಡೀ ಗಲ್ಲಿಗೆ ಕೇಳಿಸಿತು, ನನ್ನೊಬ್ಬಳನ್ನು ಬಿಟ್ಟು. ಅಕ್ಕಪಕ್ಕದವರ ನಗು ನೋಡಿ ನನಗೆ ಗೊತ್ತಾಯಿತು. ಮೈಯೆಲ್ಲ ಉರಿದುಹೋಯಿತು, ಅತ್ತೆ.

ಆಗ ನಿಮ್ಮ ಟವೆಲು ನೆನಪಾಯಿತು. ಮಾವನವರು ಹೋದ ಮೇಲೆ ನೀವು ಗಾದಿಯ ಮೇಲೆ ಕೂತು, ಟವೆಲಿನ ಕೆಳಗೆ ದಲಾಲರ ಬೆರಳು ಒತ್ತಿ, ತುಟಿ ಪಿಟಕ್ಕೆನ್ನದೆ ದರ ಮುಗಿಸುತ್ತಿದ್ದಿರಿ. ಯಾವ ಬೆರಳಿಗೆ ಎಷ್ಟೆಂದು ನನಗೂ ಕಲಿಸಿದಿರಿ. ಈಗ ಬಜಾರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ನಾನು ಟವೆಲು ಹಾಸಿ ಕಾಕಾನ ಕೈ ಎಳೆದುಕೊಂಡೆ. ಕೂಗಿದ್ದು ಅವನ ದರ, ನನ್ನದು ಇದು ಎಂದು ಅದಕ್ಕಿಂತ ಮೇಲಿನ ದರ ಒತ್ತಿದೆ. ಅವರು ತಲೆ ಅಲ್ಲಾಡಿಸಿದರು. ಮತ್ತೆ ಅದನ್ನೇ ಒತ್ತಿದೆ. ಕೊನೆಗೆ ಅವರೇ "ಬರೋಬರ್, ವಹಿನಿ" ಎಂದರು. ತುಟಿ ನೋಡಿ ತಿಳಿದುಕೊಂಡೆ. ಪ್ರಭುದೇವ ಚಹಾ ತರಿಸುವ ನೆಪದಲ್ಲಿ ಎದ್ದುಹೋದ.

ಕೂಸಿನ ಅಳು ಒಮ್ಮೆ ಫೋನಿನಲ್ಲಿ ಕೇಳಿಸಿರಿ. ಬಲಗಿವಿಗೆ ಹಿಡಿದುಕೊಂಡು ಕಾಯುತ್ತೇನೆ. ತಾಯಿ-ಕೂಸಿಗೆ ನನ್ನ ಹಾರೈಕೆ.

ಅಂಗಡಿಗೆ ಹೊರಟು ನಿಂತಿರುವ ನಿಮ್ಮ ಸೊಸೆ,
ನೇತ್ರಾ

ತಾ.ಕ.: ಬಾಡಿಗೆ ಕರಾರಿಗೆ ನಿಮ್ಮ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಪ್ರಭುದೇವ ಈ ವಾರವೇ ಅಲ್ಲಿಗೆ ಬರುತ್ತಿದ್ದಾನೆ. ಮಗ ಬಂದನೆಂದು ರೊಟ್ಟಿ, ಎಣ್ಣೆಗಾಯಿ ಮಾಡಿ ಹೊಟ್ಟೆ ತುಂಬ ಉಣಿಸಿ. ಹೆಬ್ಬೆರಳನ್ನು ಮಾತ್ರ ಸೆರಗಿನ ಕೆಳಗೇ ಇಟ್ಟುಕೊಳ್ಳಿ.